ಕೈಕೊಟ್ಟ ಮಳೆ, ಕೈಹಿಡಿದ ಸಂಘ

ಹೊರನಾಡಿನವನೊಬ್ಬನು ಕನ್ನಡ ಕಲಿಯುತ್ತಿದ್ದಾನೆಂದು ಭಾವಿಸೋಣ. 'ಕೈ' ಎಂದರೇನೆಂದು ಅವನು ಬಲ್ಲನು. 'ಕೊಡು' ಎಂಬುದನ್ನೂ ಬಲ್ಲನು. ಗದಗ ಸೀಮೆಯ ಕಣಗಿನಹಾಳಕ್ಕೆ ಅವನು ಬಂದಾಗ ರೈತನೊಬ್ಬನು, "ಈ ಸಲ ಹಿಂಗಾರಿ ಮಳಿ ಕೈ ಕೊಡ್ತ್ರಿ" ಎನ್ನುತ್ತಾನೆ. ಮಳೆಯು ಕೈನೀಡಿ ಸಹಾಯಮಾಡಿತೆಂದು ತಿಳಿದು ಅತಿಥಿಯು ಸಂತೋಷ ಸೂಚಿಸಿದರೆ ರೈತನ ಮುಖ ಹೇಗಾಗಬೇಕು?

ಬಿಡಿ ಪದಗಳ ಅರ್ಥಗಳನ್ನು ಕೂಡಿಸಿದರೆ ನುಡಿಗಟ್ಟಿನ ಅರ್ಥವು ದೊರೆಯದು. ಇದು ಕನ್ನಡಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಆಡುವ ಕ್ಯಾಂಟನೀಸ್ ನುಡಿಯಲ್ಲಿ 'ಕೋಳಿಯು ಬಾತಿನೊಡನೆ ಮಾತಾಡಿದಂತೆ' ಎಂಬರ್ಥದ ಮಾತೊಂದುಂಟು. ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯದಿರುವಾಗ ಅದನ್ನು ಬಳಸುತ್ತಾರೆ. ನಮ್ಮ ರೈತನೂ ಅತಿಥಿಯೂ ಆ ಕ್ಷಣದಲ್ಲಿ ಕೋಳಿ, ಬಾತುಗಳೇ ಸರಿ!

'ಕೈಕೊಡು' ಎಂದರೆ ಮೋಸಮಾಡು ಎಂದು ಹೇಳಿಬಿಟ್ಟರೆ ಸಾಲದು. ಕಳ್ಳನು ಕೈಕೊಟ್ಟನೆಂದು ಯಾರೂ ಅನ್ನರು. ಅವನನ್ನು ನಂಬಿದವರಾದರೂ ಯಾರು? ನೆಚ್ಚಿದ ಗೆಳೆಯನು ಕೈಕೊಡುತ್ತಾನೆ. ನಡುದಾರಿಯಲ್ಲಿ ಬಂಡಿಯ ಎತ್ತು ಕೈಕೊಡುತ್ತದೆ. ಎತ್ತಿಗೆ ಕೈಯೆಲ್ಲಿದೆ ಎಂಬ ಚಿಂತೆ ನುಡಿಗಟ್ಟಿಗಿಲ್ಲ. ನಂಬಿಕೆಯಿದ್ದಲ್ಲಿ ಮಾತ್ರ ಈ ಮಾತಿಗೆ ಎಡೆ. ಎರೆಹೊಲದಲ್ಲಿ ಬಿಳಿಜೋಳ ಬಿತ್ತಿ ಮುಗಿಲನ್ನೇ ನೆಚ್ಚಿದವನ ಬಾಯಲ್ಲಿ ಅದು ಸಹಜವಾಗಿ ಬರುತ್ತದೆ.

ಮಳೆ ಕೈಕೊಟ್ಟ ವರ್ಷ ಹಿಂದಿನ ರೈತನಿಗೆ ಸಾಹುಕಾರನ ಬಾಗಿಲೇ ಗತಿ. ಬಡ್ಡಿ ಬೆಳೆದು ಹೊಲ ಕೈಬಿಟ್ಟುಹೋಗುತ್ತಿತ್ತು. 1904ರಲ್ಲಿ ಪತ್ತಿನ ಸಹಕಾರಿ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ಸಂಘವು ಹುಟ್ಟಿತು. ನಾಡಿನ ಸಹಕಾರ ಚಳವಳಿಯ ಚರಿತ್ರೆ ಈ ಊರಿನ ಹೆಸರಿನಿಂದಲೇ ಆರಂಭವಾಗುತ್ತದೆ. ಸಂಘವು ರೈತನಿಗೆ 'ಸಹಾಯ ಮಾಡಿತು' ಎಂದರೂ ಸರಿಯೇ. ಆದರೆ 'ಕೈಹಿಡಿಯಿತು' ಎಂದಾಗ ಅವನು ಬೀಳುವುದರಲ್ಲಿದ್ದನೆಂಬುದೂ ತಿಳಿಯುತ್ತದೆ.

ಆ ಕಾಯಿದೆಯಂತೆ ಗ್ರಾಮಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಸಾಲ ಪಡೆದವನು ಕೈಕೊಟ್ಟರೆ ಸಂಘದ ಋಣವು ಉಳಿದವರ ಹೊಲಮನೆಗಳ ಮೇಲೆ ಬರಬಹುದಾಗಿತ್ತು. ಆದುದರಿಂದ ನೆರೆಯವನ ನಡತೆಯನ್ನು ಬಲ್ಲವರೇ ಅವನಿಗೆ ಸಾಲ ಮಂಜೂರು ಮಾಡುತ್ತಿದ್ದರು. ಕಾಗದಪತ್ರವಿಲ್ಲದೆ ನಾಲ್ಕು ದಿನಕ್ಕೆಂದು ಪಡೆಯುವ 'ಕೈಗಡ'ದಲ್ಲಿ ಕೊಟ್ಟವನೊಬ್ಬನೇ ನಷ್ಟಪಡುತ್ತಾನೆ; ಇಲ್ಲಿ ಊರಿಗೆ ಊರೇ ಸಿಕ್ಕಿಬೀಳುತ್ತಿತ್ತು.

ಇಷ್ಟನ್ನೂ ಕಲಿತ ಅತಿಥಿಯು ಮತ್ತೊಮ್ಮೆ ಎಡವಬಹುದು. ಸಂತೆಗೆ ಹೊರಟ ಮನೆಯವರು ಅವನನ್ನು ಕರೆದು, "ಅಜ್ಜಾರಿಗೆ ಸ್ವಲ್ಪ ಕೈ ಕೊಡ್ರಿ, ಬಂಡಿ ಹತ್ತಸೂಣು" ಎನ್ನುತ್ತಾರೆ. ಅವನು ಬೆಚ್ಚಬೇಕಾಗಿಲ್ಲ. ಅಲ್ಲಿ ಕೊಡಬೇಕಾದುದು ಕೈಯೇ.