ಊರವರೇ ಕಾಡು ಕಾಯುವ ಪ್ಯಾಸೇಜ್: ಸರಿಯುತ್ತರ ಹಿಡಿಯುವ ಸೂತ್ರಗಳು

ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಿಸ್ಯಾಟ್ ಇರಲಿ, ಐಇಎಲ್‌ಟಿಎಸ್ ಇರಲಿ, ಪ್ಯಾಸೇಜ್ ಓದಿ ಉತ್ತರಿಸುವ ಭಾಗದಲ್ಲಿ ಪರಿಸರದ ವಿಷಯ ಮತ್ತೆ ಮತ್ತೆ ಬರುತ್ತದೆ. ಅದರಲ್ಲೂ ಸಮುದಾಯ ಆಧಾರಿತ ಸಂರಕ್ಷಣೆ, ಅಂದರೆ ಕಾಡು-ಪ್ರಾಣಿಗಳ ಹೊಣೆಯನ್ನು ಅಲ್ಲೇ ಬದುಕುವ ಜನರಿಗೆ ವಹಿಸುವುದು, ಬಹಳ ಎಚ್ಚರ ಬೇಡುವ ವಿಷಯ. ಓದುವ ಮೊದಲೇ ನಾವು ಒಂದು ಪಕ್ಷ ಹಿಡಿದಿರುತ್ತೇವೆ. ತಪ್ಪು ಆಯ್ಕೆಗಳು ಆ ಪಕ್ಷಕ್ಕೆ ಹಿತವಾಗುವಂತೆಯೇ ಇರುತ್ತವೆ. ಅಭ್ಯಾಸಕ್ಕೆ ಈ ತುಣುಕು ಇಟ್ಟುಕೊಳ್ಳೋಣ:

“ನಮೀಬಿಯಾ 1996ರಲ್ಲಿ ಕಾನೂನು ತಿದ್ದಿ, ಸಾಮುದಾಯಿಕ ಭೂಮಿಯಲ್ಲಿ ವಾಸಿಸುವವರಿಗೆ ವನ್ಯಜೀವಿಗಳ ಮೇಲೆ ಕೆಲವು ಹಕ್ಕುಗಳನ್ನು ಷರತ್ತಿನ ಮೇಲೆ ಕೊಟ್ಟಿತು. ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ರಚಿಸಿಕೊಂಡ ಸಮುದಾಯಗಳು ‘ಕನ್ಸರ್ವೆನ್ಸಿ’ಗಳಾಗಿ ನೋಂದಾಯಿಸಿಕೊಳ್ಳಬಹುದಿತ್ತು. ಮೊದಲ ನಾಲ್ಕು 1998ರಲ್ಲಿ ನೋಂದಣಿಯಾದವು. ಪ್ರವಾಸೋದ್ಯಮ ಮತ್ತು ಪರವಾನಗಿಯುಳ್ಳ ಬೇಟೆಯ ಆದಾಯ ಸಮುದಾಯಕ್ಕೆ ಬರತೊಡಗಿತು. ಕೆಲವು ಕಡೆ ವನ್ಯಜೀವಿಗಳ ಸಂಖ್ಯೆ ಚೇತರಿಸಿಕೊಂಡಿತು. ಆದರೆ ಬೆಳೆ, ಜಾನುವಾರು ಕಳೆದುಕೊಂಡ ಕುಟುಂಬಕ್ಕೇ ಆ ಆದಾಯ ತಲುಪುತ್ತದೆ ಎಂಬ ಖಾತರಿಯಿಲ್ಲ.”

1. ಪ್ರಶ್ನೆಯನ್ನು ಮೊದಲು ಓದಿ. ಮುಖ್ಯ ವಿಚಾರವೇ, ಊಹೆಯೇ, ವಾದವನ್ನು ದುರ್ಬಲಗೊಳಿಸುವ ಅಂಶವೇ? ಕೇಳಿದ್ದು ಯಾವುದೆಂದು ತಿಳಿದ ಮೇಲೆ ಕಣ್ಣು ತಾನಾಗಿ ಸರಿಯಾದ ಸಾಲಿಗೆ ಹೋಗುತ್ತದೆ.

2. ಅಂಚಿನಲ್ಲಿ ಮೂರು ಪದ ಬರೆದುಕೊಳ್ಳಿ: ಹಕ್ಕು, ಲಾಭ, ನಷ್ಟ. ಪ್ರತಿಯೊಂದರ ಎದುರು ಯಾರು ಎಂದು ತುಂಬಿ. ಮೇಲಿನ ತುಣುಕಿನಲ್ಲಿ ಹಕ್ಕು ಸಮುದಾಯದ್ದು, ಲಾಭವೂ ಸಮುದಾಯದ್ದು; ನಷ್ಟ ಮಾತ್ರ ಕುಟುಂಬದ್ದು. ಈ ಬಗೆಯ ಬರಹಗಳ ತಿರುಳು ಬಹುಪಾಲು ಇಂಥ ಒಡಕಿನಲ್ಲೇ ಇರುತ್ತದೆ. ‘ಆದರೆ’ಯಿಂದ ಶುರುವಾಗುವ ಆ ಕೊನೆಯ ವಾಕ್ಯವನ್ನು ಬಿಟ್ಟು ಬರೆದ ಯಾವ ಆಯ್ಕೆಯೂ ‘ಮುಖ್ಯ ವಿಚಾರ’ ಆಗಲಾರದು.

3. ಮಿತಿ ಹಾಕುವ ಪದಗಳಿಗೆ ಗೆರೆ ಎಳೆಯಿರಿ. ‘ನಮೀಬಿಯಾ ವನ್ಯಜೀವಿಗಳ ಪೂರ್ಣ ಒಡೆತನವನ್ನು ಜನರಿಗೆ ಬಿಟ್ಟುಕೊಟ್ಟಿತು’ ಎಂಬ ಆಯ್ಕೆ ತಪ್ಪು. ತುಣುಕು ಹೇಳಿದ್ದು ‘ಕೆಲವು ಹಕ್ಕು’, ಅದೂ ‘ಷರತ್ತಿನ ಮೇಲೆ’. ಹಾಗೆಯೇ ‘ಕೆಲವು ಕಡೆ’ ಎಂದಿದ್ದು ‘ಎಲ್ಲೆಡೆ’ ಆಗದು.

4. ಕಾರಣ-ಪರಿಣಾಮದ ಪ್ರಶ್ನೆ ಬಂದಾಗ ನಿಧಾನಿಸಿ. ಅಂಕಗಳು ಹೆಚ್ಚಾಗಿ ಸೋರಿಹೋಗುವುದು ಇಲ್ಲೇ. ‘ಕಾನೂನು ಬಂತು, ಪ್ರಾಣಿಗಳು ಹೆಚ್ಚಿದವು, ಆದ್ದರಿಂದ ಕಾನೂನಿನಿಂದಲೇ ಹೆಚ್ಚಿದವು’ ಎಂಬ ವಾದವನ್ನು ದುರ್ಬಲಗೊಳಿಸುವುದು ಯಾವುದು ಎಂದು ಕೇಳಿದ್ದಾರೆ ಅಂದುಕೊಳ್ಳಿ. ಮೂರು ಕಡೆ ಹುಡುಕಿ: ಬೇರೆ ಕಾರಣವಿತ್ತೇ, ಏರಿಕೆ ಮೊದಲೇ ಶುರುವಾಗಿತ್ತೇ, ಕಾನೂನು ಅನ್ವಯಿಸದ ಪಕ್ಕದ ಪ್ರದೇಶದಲ್ಲೂ ಅಷ್ಟೇ ಏರಿಕೆಯಾಯಿತೇ?

ನಿಜ ಇತಿಹಾಸವೇ ಇದಕ್ಕೆ ಒಳ್ಳೆಯ ಉದಾಹರಣೆ. ನಮೀಬಿಯಾದ ವಾಯವ್ಯ ಭಾಗದಲ್ಲಿ ಬರ ಮತ್ತು ಕಳ್ಳಬೇಟೆಯಿಂದ ಪ್ರಾಣಿಗಳು ಕುಸಿದಿದ್ದಾಗ, 1980ರ ದಶಕದ ಆರಂಭದಲ್ಲೇ ವನ್ಯಜೀವಿ ಸಂರಕ್ಷಕ ಗಾರ್ತ್ ಓವೆನ್-ಸ್ಮಿತ್ ಮತ್ತು ಸ್ಥಳೀಯ ಮುಖಂಡರು ಸೇರಿ ಊರವರನ್ನೇ ಕಾವಲುಗಾರರನ್ನಾಗಿ ನೇಮಿಸಿದ್ದರು. ಕಾನೂನು ಬರುವ ಮೊದಲೇ ಚೇತರಿಕೆ ಆರಂಭವಾಗಿತ್ತು. ಈ ಸಂಗತಿ ‘1996ರ ಕಾನೂನೇ ಕಾರಣ’ ಎಂಬ ವಾದವನ್ನು ಸಡಿಲಿಸುತ್ತದೆ. ಆದರೆ ‘ಸಮುದಾಯದ ಪಾಲ್ಗೊಳ್ಳುವಿಕೆ ಕಾರಣ’ ಎಂಬ ವಾದವನ್ನು ಸಡಿಲಿಸುವುದಿಲ್ಲ, ಬದಲಿಗೆ ಬಲಪಡಿಸುತ್ತದೆ. ಒಂದೇ ಸಂಗತಿ ಒಂದು ವಾದಕ್ಕೆ ಪೆಟ್ಟು, ಇನ್ನೊಂದಕ್ಕೆ ಆಸರೆ. ಹಾಗಾಗಿ ದುರ್ಬಲಗೊಳಿಸಬೇಕಾದ ವಾದ ಯಾವುದೆಂದು ಅಕ್ಷರಶಃ ಓದಿಕೊಂಡೇ ಆಯ್ಕೆಗಳಿಗೆ ಬನ್ನಿ.

5. ನಿಮಗೆ ಗೊತ್ತಿರುವುದನ್ನು ಪಕ್ಕಕ್ಕಿಡಿ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಜನ ತಮ್ಮ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ತಲೆಮಾರುಗಳಿಂದ ಕಾದುಕೊಂಡು ಬಂದವರು. ಅರಣ್ಯ ಇಲಾಖೆ ಮರಗಳಿಗೆ ಪರಿಹಾರ ಕೊಡತೊಡಗಿದ್ದು ಬಹಳ ತಡವಾಗಿ. ಊರು ಸಮುದಾಯ ಮೀಸಲು ಎಂದು ಘೋಷಣೆಯಾದದ್ದು 2007ರಲ್ಲಿ. ಇದನ್ನು ಬಲ್ಲ ಅಭ್ಯರ್ಥಿಗೆ ‘ಹಣ ಸಿಕ್ಕರಷ್ಟೇ ಜನ ಪ್ರಾಣಿಗಳನ್ನು ಕಾಯುತ್ತಾರೆ’ ಎಂಬ ಹೇಳಿಕೆ ಕಂಡ ಕೂಡಲೇ ‘ಸುಳ್ಳು’ ಎಂದು ಗುರುತು ಹಾಕಬೇಕೆನಿಸುತ್ತದೆ. ಅವರ ತಿಳಿವಳಿಕೆ ಸರಿ, ಉತ್ತರ ತಪ್ಪು. ನಮೀಬಿಯಾದ ತುಣುಕು ಆ ಬಗ್ಗೆ ಏನನ್ನೂ ಹೇಳಿಲ್ಲ. ಐಇಎಲ್‌ಟಿಎಸ್‌ನಲ್ಲಿ ಅದಕ್ಕೆ ಉತ್ತರ ‘ನಾಟ್ ಗಿವನ್’. ಸಿಸ್ಯಾಟ್‌ನ ಸೂಚನೆಯೂ ಉತ್ತರ ಪ್ಯಾಸೇಜನ್ನಷ್ಟೇ ಆಧರಿಸಿರಬೇಕು ಎನ್ನುತ್ತದೆ.

6. ಲೇಖಕರ ನಿಲುವು ಕೇಳಿದರೆ ಕಟುವಾದ ಪದಗಳನ್ನು ಮೊದಲು ಹೊಡೆದುಹಾಕಿ. ಚೇತರಿಕೆಯನ್ನೂ ಕೊರತೆಯನ್ನೂ ಹೇಳಿದ ಬರಹಗಾರ ‘ತೀವ್ರ ವಿರೋಧಿ’ಯೂ ಅಲ್ಲ, ‘ಸಂಪೂರ್ಣ ಬೆಂಬಲಿಗ’ನೂ ಅಲ್ಲ.

7. ಪರೀಕ್ಷೆಯ ಲೆಕ್ಕ ತಿಳಿದಿರಲಿ. ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, ತಲಾ 2.5 ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ, ಅರ್ಹತೆಗೆ ಶೇ 33. ಎರಡು ಆಯ್ಕೆಗಳನ್ನು ಕಾರಣಸಹಿತ ತಳ್ಳಿಹಾಕಲು ಆದರೆ ಉತ್ತರಿಸಿ. ಆಗದಿದ್ದರೆ ಮುಂದೆ ಹೋಗಿ. ಐಇಎಲ್‌ಟಿಎಸ್‌ನಲ್ಲಿ ಓದುವ ಭಾಗಕ್ಕೆ 60 ನಿಮಿಷ, 40 ಪ್ರಶ್ನೆ, ಕಡಿತವಿಲ್ಲ. ಒಂದನ್ನೂ ಖಾಲಿ ಬಿಡಬೇಡಿ.

8. ಪ್ರಶ್ನೆಗಳನ್ನು ನೀವೇ ತಯಾರಿಸಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕು ಸಿಕ್ಕ ಸುದ್ದಿಯ ಒಂದು ವರದಿ ತೆಗೆದುಕೊಳ್ಳಿ. ವರದಿ ಹೇಳುವ ಒಂದು ಮಾತು, ಅದು ಅಲ್ಲಗಳೆಯುವ ಒಂದು ಮಾತು, ಅದು ಬಾಯಿಬಿಡದ ಒಂದು ಮಾತು, ಹೀಗೆ ಮೂರು ಹೇಳಿಕೆ ಬರೆಯಿರಿ. ಮೂರನೆಯದನ್ನು ನಿಜವೆನಿಸುವಂತೆ ಬರೆದು ಗೆಳೆಯರ ಕೈಗೆ ಕೊಡಿ. ಅವರು ಅದಕ್ಕೆ ‘ಸರಿ’ ಎಂದು ಗುರುತು ಹಾಕಿದರೆ, ಯಾವ ಸಾಲಿನಿಂದ ಹಾಗನ್ನಿಸಿತೆಂದು ಬೆರಳಿಟ್ಟು ತೋರಿಸಲು ಕೇಳಿ.