ಮೊದಲ ಲೇಖನ ಎಲ್ಲಿಗೆ ಕಳಿಸಲಿ?

ಊರಿನ ಕೆರೆಯ ಬಗ್ಗೆ ಬರೆದಿದ್ದೀರಿ, ಪ್ರತಿಲಿಪಿ ಜಾಲತಾಣದಲ್ಲಿ ಹಾಕಿದರೆ ಯಾರಾದರೂ ಕದ್ದಾರೆಂಬ ಅಳುಕಿದೆ. ಅಷ್ಟಕ್ಕೇ ಹಿಂಜರಿಯಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬರೆದಾಗಲೇ ಹಕ್ಕು ನಿಮ್ಮದಾಗಿದೆ; ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ಅದು ಉಳಿಯುತ್ತದೆ. ಕರಡನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಟ್ಟುಕೊಂಡರೆ ದಿನಾಂಕಕ್ಕೊಂದು ಪುರಾವೆಯೂ ಆಯಿತು.

ನನಗೆ ಮುಖ್ಯವೆನಿಸುವುದು ಬೇರೆಯೇ. ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಬರಹವನ್ನೇ ಕೇಳುತ್ತವೆ. ಅಂತರ್ಜಾಲದಲ್ಲಿ ಬಂದದ್ದೂ ಪ್ರಕಟಣೆಯೇ. ವಾರಪತ್ರಿಕೆಯಲ್ಲಿ ಕಾಣಿಸಿಕೊಳ್ಳುವ ಆಸೆ ಎಳ್ಳಷ್ಟಿದ್ದರೂ ಮೊದಲು ಅಲ್ಲಿಗೇ ಕಳಿಸಿ. ಅವರು ಒಲ್ಲೆವೆಂದ ಮೇಲೆ ಪ್ರತಿಲಿಪಿ ಇದ್ದೇ ಇದೆ.

ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದೇನೆ ಎಂದಿದ್ದೀರಿ. ಹಾಗೇ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ತಾಳ್ಮೆಯಿಂದ ನೋಡಿ. ತಪ್ಪು ನುಸುಳುವುದು ಅಲ್ಲೇ. ಕರಡು ತಿದ್ದುವ ಈ ಕೆಲಸವನ್ನು ದಯವಿಟ್ಟು ಬೇರೆಯವರಿಗೆ ಬಿಡಬೇಡಿ.

ಕೆರೆಯ ಫೋಟೊವನ್ನು ಗೂಗಲ್‌ನಿಂದ ಎತ್ತಿಕೊಳ್ಳಬೇಡಿ, ಅದಕ್ಕೂ ಹಕ್ಕುದಾರರಿರುತ್ತಾರೆ. ಮೊಬೈಲಿನಲ್ಲಿ ನೀವೇ ತೆಗೆಯಿರಿ. ಲೇಖನವನ್ನು ಇನ್ನು ಕಪಾಟಿನಲ್ಲಿಡಬೇಡಿ, ಈ ವಾರವೇ ಕಳಿಸಿ.