ಗಡ್ಡೆ ಕ್ಯಾನ್ಸರ್ ಅಲ್ಲವಂತೆ, ಮುಂದೇನು?

ಕತ್ತಿನಲ್ಲೊಂದು ಗಡ್ಡೆ, ಅದಕ್ಕೊಂದು ಸೂಜಿ ಪರೀಕ್ಷೆ, ವರದಿ ಬರುವವರೆಗೆ ನಿದ್ದೆಯಿಲ್ಲ. ಕೊನೆಗೆ ವೈದ್ಯರು ‘ಕ್ಯಾನ್ಸರ್ ಏನಿಲ್ಲ’ ಎಂದಾಗ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ವರದಿ ಬೀರು ಸೇರುತ್ತದೆ. ಒಂದು ನಿಮಿಷ ತಡೆಯಿರಿ, ಅದನ್ನು ಎತ್ತಿಡುವ ಮುಂಚೆ ಮಾಡಬೇಕಾದ ಕೆಲಸಗಳಿವೆ.

ಮೊದಲು ಕೊನೆಯ ಸಾಲು ಓದಿ

ವರದಿಯ ಕೆಳಗೆ ‘ಇಂಪ್ರೆಶನ್’ ಎಂಬ ಸಾಲಿರುತ್ತದೆ. ಅಲ್ಲಿ ‘ರಿಯಾಕ್ಟಿವ್’ ಎಂದಿದ್ದರೆ ಸಾಮಾನ್ಯವಾಗಿ ಹತ್ತಿರದಲ್ಲೆಲ್ಲೋ ಆದ ಸೋಂಕಿಗೆ ದುಗ್ಧಗ್ರಂಥಿ ಊದಿಕೊಂಡಿದೆ ಎಂದರ್ಥ. ಹುಳುಕು ಹಲ್ಲು, ಟಾನ್ಸಿಲ್, ತಲೆಯ ಹೇನು ಕಡಿದ ಗಾಯ, ತೊಡೆಸಂದಿಯ ಗಡ್ಡೆಯಾದರೆ ಕಾಲಿನ ಹುಣ್ಣು, ಹೀಗೆ ಮೂಲ ಯಾವುದೆಂದು ವೈದ್ಯರನ್ನು ಕೇಳಿ. ಹಲ್ಲಿಗೆ ಚಿಕಿತ್ಸೆ ಮಾಡಿಸದೆ ಗಡ್ಡೆ ಕರಗಲಿಲ್ಲವೆಂದು ಕೊರಗಿದರೆ ಗಡ್ಡೆ ಏನು ಮಾಡೀತು?

‘ಗ್ರ್ಯಾನ್ಯುಲೊಮ್ಯಾಟಸ್’ ಅಥವಾ ‘ಕೇಸಿಯೇಟಿಂಗ್’ ಎಂದಿದ್ದರೆ ಕತೆಯೇ ಬೇರೆ. ಇದೂ ಕ್ಯಾನ್ಸರ್ ಅಲ್ಲ. ಆದರೆ ನಮ್ಮ ದೇಶದಲ್ಲಿ ಇದನ್ನು ಕಂಡರೆ ಮೊದಲು ಅನುಮಾನ ಹೋಗುವುದು ಕ್ಷಯದ ಕಡೆಗೆ. ಹಿರಿಯರು ಗಂಡಮಾಲೆ ಎನ್ನುತ್ತಿದ್ದುದು ಇದನ್ನೇ. ಗಡ್ಡೆಯಿಂದ ತೆಗೆದ ದ್ರವವನ್ನು ಕ್ಷಯ ಪತ್ತೆಯ ‘ಸಿಬಿನ್ಯಾಟ್’ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ವಿಚಾರಿಸಿ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಿಲ್ಲ. ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ನೋಂದಾಯಿತ ರೋಗಿಗೆ ‘ನಿಕ್ಷಯ್ ಪೋಷಣ್’ ಯೋಜನೆಯಡಿ ಸಿಗುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಮಾತ್ರೆ ಶುರುವಾದ ಮೇಲೆ ಗಡ್ಡೆ ಇನ್ನಷ್ಟು ಊದಬಹುದು, ಪಕ್ಕದಲ್ಲೇ ಹೊಸದೊಂದು ಏಳಲೂಬಹುದು. ಔಷಧ ನಾಟುತ್ತಿಲ್ಲವೆಂದು ಅನೇಕರು ಮಾತ್ರೆ ಬಿಡುವುದು ಇದೇ ಹೊತ್ತಿಗೆ. ಬಿಡಬೇಡಿ, ವೈದ್ಯರಿಗೆ ತೋರಿಸಿ. ಸಾಯುತ್ತಿರುವ ರೋಗಾಣುಗಳಿಗೆ ದೇಹ ತೋರುವ ಪ್ರತಿಕ್ರಿಯೆಯಿಂದಲೂ ಹೀಗಾಗುತ್ತದೆ.

‘ಕಿಕುಚಿ’ ಎಂಬ ಹೆಸರೂ ಆಗೀಗ ಕಾಣಿಸುತ್ತದೆ. 1972ರಲ್ಲಿ ಜಪಾನಿನ ವೈದ್ಯರು ಗುರುತಿಸಿದ ಕಾಯಿಲೆಯಿದು. ಹೆಚ್ಚಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೆಲವರಲ್ಲಿ ಮುಂದೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಕಾಣಿಸಿಕೊಳ್ಳುವುದರಿಂದ ಕೀಲುನೋವು, ಮುಖದ ಮೇಲೆ ಕೆಂಪು ಗಂದೆ ಬಂದರೆ ಈ ಹಳೆಯ ವರದಿ ಹಿಡಿದೇ ಹೋಗಿ.

ಇನ್ನು ‘ಇನ್‌ಅಡಿಕ್ವೇಟ್’ ಅಥವಾ ‘ನಾನ್ ಡಯಾಗ್ನಾಸ್ಟಿಕ್’ ಎಂದು ಬರೆದಿದ್ದರೆ ಸಮಾಧಾನಪಡಲು ಏನೂ ಇಲ್ಲ. ಮಾದರಿ ಸಾಲಲಿಲ್ಲ, ಪರೀಕ್ಷೆ ಮತ್ತೆ ಆಗಬೇಕು ಎಂದಷ್ಟೇ ಅದರ ಅರ್ಥ.

ಕಣ್ಣಿಡುವುದು ಹೇಗೆ?

ಮುಂದಿನ ಭೇಟಿ ಯಾವಾಗ ಎಂದು ಕೇಳಿ, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ರಿಯಾಕ್ಟಿವ್ ಗಡ್ಡೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. 4ರಿಂದ 6 ವಾರ ಕಳೆದರೂ ಇದ್ದಂತೆಯೇ ಇದ್ದರೆ ಮತ್ತೆ ತೋರಿಸಬೇಕು. ಹಾಗೆಂದು ಪೂರ್ತಿ ಮಾಯವಾಗಲೇಬೇಕೆಂದಿಲ್ಲ. ಅವರೆಕಾಳಿನಷ್ಟು ಉಳಿದು, ಬೆಳೆಯದೆ, ವರ್ಷಗಟ್ಟಲೆ ಸುಮ್ಮನಿರುವ ಗಡ್ಡೆಗಳೂ ಉಂಟು. ದಿನಕ್ಕೆ ಹತ್ತು ಸಲ ಒತ್ತಿ ನೋಡಬೇಡಿ, ಒತ್ತಿ ಒತ್ತಿಯೇ ನೋವು ಬರಿಸಿಕೊಳ್ಳುವವರಿದ್ದಾರೆ. ಎರಡು ವಾರಕ್ಕೊಮ್ಮೆ ಮುಟ್ಟಿ ನೋಡಿ ಬರೆದಿಟ್ಟರೆ ಸಾಕು. ಸರಿಯಾದ ಅಳತೆ ಬೇಕೆಂದರೆ ಅಲ್ಟ್ರಾಸೌಂಡ್ ಇದೆ.

ಕೆಲವು ಲಕ್ಷಣಗಳಿಗೆ ಮಾತ್ರ ಮುಂದಿನ ತಾರೀಖು ಕಾಯಬಾರದು. ಗಡ್ಡೆ ಬೆಳೆಯುತ್ತಿದೆ, ಗಟ್ಟಿಯಾಗಿದೆ, ಅಲುಗಾಡಿಸಿದರೆ ಜರುಗುತ್ತಿಲ್ಲ, ಕಂಕುಳು, ತೊಡೆಸಂದಿಯಲ್ಲೂ ಹೊಸದಾಗಿ ಎದ್ದಿದೆ, ಕಾರಣವಿಲ್ಲದ ಜ್ವರ ಬಿಡುತ್ತಿಲ್ಲ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, 60 ಕೆ.ಜಿ. ಇದ್ದವರು ಆರು ತಿಂಗಳಲ್ಲಿ 6 ಕೆ.ಜಿ. ಇಳಿದಿದ್ದಾರೆ. ಕತ್ತುಪಟ್ಟಿ ಮೂಳೆಯ ಮೇಲಿನ ಗುಳಿಯಲ್ಲಿ ಗಡ್ಡೆಯಿದ್ದರೆ ಗಾತ್ರ ಎಷ್ಟೇ ಇರಲಿ, ತೋರಿಸಲೇಬೇಕು. ‘ನೋವಿಲ್ಲವಲ್ಲ’ ಎಂಬ ಧೈರ್ಯ ಇಲ್ಲಿ ನಡೆಯದು. ಸೋಂಕಿನ ಗಡ್ಡೆ ನೋಯುವುದುಂಟು, ಲಿಂಫೋಮಾದ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರಿನ ಗಡ್ಡೆಗೆ ಬಹಳ ಸಲ ನೋವೇ ಇರುವುದಿಲ್ಲ.

ಕೈ ಹಾಕಬಾರದ ಕಡೆ

ಸುಣ್ಣ–ಬೆಲ್ಲ ಮೆತ್ತುವುದು, ಬರೆ ಹಾಕುವುದು ಬೇಡ. ಅದಕ್ಕಿಂತ ನನಗೆ ಹೆಚ್ಚು ಭಯ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ‘ಊತದ ಮಾತ್ರೆ’ಯದು. ಅದು ಸ್ಟೆರಾಯ್ಡ್ ಆಗಿದ್ದರೆ ಲಿಂಫೋಮಾದ ಗಡ್ಡೆಯೂ ತಾತ್ಕಾಲಿಕವಾಗಿ ಕುಗ್ಗಿ, ಮುಂದಿನ ಪರೀಕ್ಷೆಯ ದಾರಿ ತಪ್ಪಿಸುತ್ತದೆ. ಲೆವೊಫ್ಲಾಕ್ಸಾಸಿನ್‌ನಂತಹ ಆ್ಯಂಟಿಬಯೋಟಿಕ್ ಕ್ಷಯವನ್ನು ಹಾಗೆಯೇ ಮರೆಮಾಚಬಲ್ಲದು.

ಗಡ್ಡೆಯನ್ನೇ ತೆಗೆಯಬೇಕೆಂದರೆ

ಸೂಜಿಯಲ್ಲಿ ಬರುವುದು ಬಿಡಿ ಕೋಶಗಳು. ಗ್ರಂಥಿಯ ಒಳರಚನೆ ಅದರಲ್ಲಿ ಕಾಣದ ಕಾರಣ ಕೆಲವು ಬಗೆಯ ಲಿಂಫೋಮಾ ತಪ್ಪಿಹೋಗಬಹುದು. ಅನುಮಾನ ಉಳಿದರೆ ವೈದ್ಯರು ಇಡೀ ಗಡ್ಡೆ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಆಪರೇಷನ್‌ಗೆ ಮುಂಚೆ ಒಂದು ಮಾತು ಕೇಳಿ: ಎರಡು ಡಬ್ಬಿಯಲ್ಲಿ ಕಳಿಸುತ್ತೀರಾ? ಒಂದು ತುಂಡು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ, ಇನ್ನೊಂದು ಸಲೈನ್‌ನಲ್ಲಿ ಕ್ಷಯದ ಕಲ್ಚರ್‌ಗೆ. ಎಲ್ಲವೂ ಫಾರ್ಮಲಿನ್‌ಗೆ ಬಿದ್ದರೆ ರೋಗಾಣು ಅಲ್ಲೇ ಸತ್ತು, ಕಲ್ಚರ್‌ನಲ್ಲಿ ಏನೂ ಬೆಳೆಯದು.

ಕತ್ತಿನ ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ. ಗಾಯ ಕೆಂಪೇರಿದರೆ, ಕೀವು ಬಂದರೆ ಅದಕ್ಕೂ ಮೊದಲೇ ಹೋಗಿ. ಕತ್ತಿನ ಪಕ್ಕದಲ್ಲಿ ಆಪರೇಷನ್ ಆಗಿದ್ದರೆ ತಲೆ ಬಾಚಲು, ಮೇಲಿನ ಶೆಲ್ಫಿನ ಡಬ್ಬ ಇಳಿಸಲು ಆ ಕಡೆಯ ತೋಳು ಏಳುತ್ತದೆಯೇ ನೋಡಿಕೊಳ್ಳಿ. ಭುಜದ ನರವೊಂದು ಅಲ್ಲೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾಗಿದ್ದರೆ ಬೇಗ ಗೊತ್ತಾದಷ್ಟೂ ಸರಿಪಡಿಸುವುದು ಸುಲಭ.

ಎರಡನೆಯ ಅಭಿಪ್ರಾಯಕ್ಕೆಂದು ಬೇರೆ ಆಸ್ಪತ್ರೆಗೆ ಹೋಗುವವರು ಬರೀ ವರದಿ ಒಯ್ದು ವಾಪಸಾಗಬೇಡಿ. ಅಲ್ಲಿನ ಪೆಥಾಲಜಿಸ್ಟ್ ತಾವೇ ನೋಡಲು ಕೇಳುವುದು ಗಾಜಿನ ಸ್ಲೈಡು ಮತ್ತು ಮೇಣದಲ್ಲಿ ಹುದುಗಿಸಿದ ತುಂಡು, ಅಂದರೆ ಬ್ಲಾಕ್. ಅವು ಮೊದಲ ಲ್ಯಾಬಿನಲ್ಲೇ ಇರುತ್ತವೆ. ವರದಿಯ ಮೇಲಿನ ನಂಬರ್ ತೋರಿಸಿ, ಅರ್ಜಿ ಬರೆದುಕೊಟ್ಟು ಪಡೆದುಕೊಳ್ಳಿ.